ಗಾಡಿ ಇಳಿಸಿದ ಅಮಾವಾಸ್ಯೆ

ಹೊಸಪೇಟೆಯಲ್ಲಿ ನಾವಿದ್ದದ್ದು ಕಾಲುವೆ ಪಕ್ಕದ ಓಣಿಯಲ್ಲಿ, ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಮೂರು ಕೋಣೆ ಸೇರಿಸಿದ ಬಾಡಿಗೆ ಮನೆಯಲ್ಲಿ. ಮೊದಲು ಪಡಸಾಲೆ, ಆಮೇಲೆ ಹಗಲಲ್ಲೂ ದೀಪ ಹಾಕಬೇಕಾದ ನಡುಮನೆ, ಕೊನೆಗೆ ಅಡುಗೆಮನೆ. ಮುಂದಿದ್ದ ಅಂಗೈಯಗಲದ ಅಂಗಳವನ್ನು ಪೂರ್ತಿ ಗಾಡಿಯೇ ಹಿಡಿದುಕೊಂಡಿತ್ತು. ಗಾಡಿ ಎಂದರೆ ಅಪ್ಪನ ಹಳೆಯ ಬಿಳಿ ಸಣ್ಣ ಕಾರು. ನಮ್ಮ ಮನೆಯಲ್ಲಿ ಅದನ್ನು ಕಾರು ಎಂದು ಕರೆದವರು ಯಾರೂ ಇಲ್ಲ. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ ಅದು. ಊರಿನ ಗೋಡೆ, ಗಿಡ, ಒಣಹಾಕಿದ ಬಟ್ಟೆ, ನಮ್ಮ ಮೂಗಿನೊಳಗೆ ಸಹ ಕೆಂಪು ಧೂಳು. ಬೆಳಿಗ್ಗೆ ಅಪ್ಪ ಗಾಡಿ ತೆಗೆದುಕೊಂಡು ಹೋದ ಮೇಲೆ ಅದು ನಿಂತಿದ್ದ ಜಾಗವೊಂದೇ ಅಂಗಳದಲ್ಲಿ ಬೇರೆ ಬಣ್ಣದಲ್ಲಿ ಉಳಿದಿರುತ್ತಿತ್ತು. ಅವ್ವ ಅಲ್ಲಿಯೇ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದಳು. ಸಂಜೆ ಗಾಡಿ ಬಂದು ರಂಗೋಲಿಯ ಮೇಲೆಯೇ ನಿಲ್ಲುತ್ತಿತ್ತು. ನಿಂತಿತೆಂದರೆ ಆ ದಿನಕ್ಕೆ ನನ್ನ ಕೆಲಸ ಮುಗಿದಂತೆ. ನನ್ನ ಕೆಲಸ ಎಂದರೆ ಹೆದರುವುದು. ಶಾಲೆಯಿಂದ ಬಂದು ಚೀಲ ಎಸೆದು ಹೊಸ್ತಿಲ ಮೇಲೆ ಕೂತರೆ, ಓಣಿಯ ತಿರುವಿನಲ್ಲಿ ಆ ಇಂಜಿನ್ನಿನ ಸದ್ದು ಕೇಳುವವರೆಗೂ ನಾನು ಏಳುತ್ತಿರಲಿಲ್ಲ. ಮಂಡಕ್ಕಿ ಒಗ್ಗರಣೆಯ ತಟ್ಟೆ ತೊಡೆಯ ಮೇಲೆಯೇ ತಣ್ಣಗಾಗುತ್ತಿತ್ತು. ಗಿರಿಜಾ ಎಂಬ ನನ್ನ ಹೆಸರು ಶಾಲೆಯ ಹಾಜರಿಗೆ ಮಾತ್ರ. ಮನೆಯಲ್ಲಿ ಎಲ್ಲರಿಗೂ ನಾನು ಗಾಬ್ರಿ. ಹಾಗೆ ಹೆಸರಿಟ್ಟವಳು ಅಪ್ಪನ ತಾಯಿ, ನನ್ನ ಅಜ್ಜಿ. ಬುಕ್ಕಸಾಗರದ ಗದ್ದೆಗಳಲ್ಲಿ ನಾಟಿ ಮಾಡಿ ಮಾಡಿ ನಡು ಬಾಗಿದ ಆ ಮುದುಕಿಗೆ ಹಾವು, ಹೊಳೆ, ಪೊಲೀಸು ಯಾವುದರ ಹೆದರಿಕೆಯೂ ಇರಲಿಲ್ಲ. ಅವಳಿಗಿದ್ದದ್ದು ಒಂದೇ ಹೆದರಿಕೆ, ಮಂದಿಯ ಕಣ್ಣು ಬೀಳುವುದು.

ನನ್ನ ಹೆದರಿಕೆಗೆ ಕಾರಣವಿತ್ತು. ಅಪ್ಪ ಸಂಡೂರಿನ ಕಡೆಯ ಗಣಿಯೊಂದರಲ್ಲಿ ಕಾಂಟಾ ನೋಡಿಕೊಳ್ಳುತ್ತಿದ್ದ. ಕಾಂಟಾ ಎಂದರೆ ಲಾರಿಯನ್ನು ಇಡಿಯಾಗಿ ತೂಗುವ ತಕ್ಕಡಿ. ಒಮ್ಮೆ ಲೋಡು ನೋಡಲು ಲಾರಿ ಹತ್ತಿದವನು ಜಾರಿ ಬಿದ್ದು ನಡು ಮುರಿದುಕೊಂಡ. ಎಷ್ಟೋ ದಿನ ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ. ಬಿಡುಗಡೆಯ ದಿನ ಡಾಕ್ಟರು ಅವ್ವನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಅವಳು ಮನೆಗೆ ಬಂದು, ಪಾಠ ಒಪ್ಪಿಸುವ ಹಾಗೆ ನಮಗೆಲ್ಲ ಒಪ್ಪಿಸಿದ್ದಳು:

"ನಡಾ ಒಂದ್ ಸಲ ಕೂಡೈತಿ. ಇನ್ನ ಮ್ಯಾಲೆ ಕುಲುಕಾಟ ಆಗಬಾರ್ದು. ಕುಲುಕಿದ್ರ ಮೊದ್ಲು ಕಾಲು ಜೋಮು ಹಿಡೀತಾವು. ಆಮ್ಯಾಲೆ ಮುಟ್ಟಿದ್ದೂ ಗೊತ್ತಾಗಂಗಿಲ್ಲ. ಅಷ್ಟಾತಂದ್ರ ಕಾಲು ಹೋದಂಗ ಅಂತ ತಿಳ್ಕರಿ ಅಂದಾರ."

ಕಾಲು ಹೋದರೆ ಕಾಂಟಾ ಹೋದಂತೆ. ಕಾಂಟಾ ಹೋದರೆ ನಮ್ಮ ಗತಿ ಏನು ಎಂದು ಯಾರೂ ನನಗೆ ಬಿಡಿಸಿ ಹೇಳಲಿಲ್ಲ. ಹೇಳದೆ ಇದ್ದದ್ದರಿಂದಲೇ ನಾನು ಅದನ್ನು ದಿನಕ್ಕೊಂದು ರೀತಿ ಊಹಿಸಿಕೊಳ್ಳುತ್ತಿದ್ದೆ. ಅವ್ವ ಅಪ್ಪನ ಮೋಟರ್ ಸೈಕಲ್ಲನ್ನು ಅವನಿಗೆ ತಿಳಿಸದೆಯೇ ಮಾರಿಸಿ, ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ನಿಂತಿದ್ದ ಈ ಗಾಡಿಯನ್ನು ತರಿಸಿದಳು. ಅದರ ಬಣ್ಣ ಮಾಸಿತ್ತು, ಬಾಗಿಲನ್ನು ಎರಡು ಸಲ ಬಡಿಯದೆ ಹಾಕಿಕೊಳ್ಳುತ್ತಿರಲಿಲ್ಲ. ಅವ್ವ ಅದನ್ನೆಲ್ಲ ನೋಡಲೇ ಇಲ್ಲ. ಸೀಟಿನ ಮೇಲೆ ಕೂತು ಮೇಲೆ ಕೆಳಗೆ ಕುಣಿದು ನೋಡಿ, ತೊಟ್ಟಿಲಿನ ಹಾಗೆ ತೂಗುತ್ತದೆಂದು ಖಾತ್ರಿಯಾದ ಮೇಲೆ "ಆಗ್ತೈತಿ" ಅಂದಳಂತೆ. ಅವಳಿಗೆ ಬೇಕಿದ್ದದ್ದು ಆ ಮೆತ್ತನೆಯ ಸ್ಪ್ರಿಂಗು ಮಾತ್ರ. ಸಂಜೆ ಅಪ್ಪ ಬಂದು ಕೈಕಾಲು ತೊಳೆದು ಪಡಸಾಲೆಯ ಮಂಚದ ಮೇಲೆ ಬೋರಲು ಮಲಗುತ್ತಿದ್ದ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆಯನ್ನು ಅವ್ವ ಬಟ್ಟಲಲ್ಲಿ ತಂದಿಡುತ್ತಿದ್ದಳು. ತಿಕ್ಕುವ ಕೆಲಸ ನನ್ನದು, ಏಕೆಂದರೆ ಅವ್ವನ ಕೈ ಒರಟು, ಅಣ್ಣನ ಕೈ ಭಾರ. ನಡುವಿನ ಎಡಕ್ಕೆ ಒಂದು ಜಾಗವಿತ್ತು. ಅಲ್ಲಿ ಹೆಬ್ಬೆರಳು ಇಟ್ಟರೆ ಆ ದಿನ ರಸ್ತೆ ಹೇಗಿತ್ತು ಎಂದು ನನಗೆ ತಿಳಿಯುತ್ತಿತ್ತು. ಒಳ್ಳೆಯ ದಿನ ಅದು ಮೆತ್ತಗೆ, ಕೆಟ್ಟ ದಿನ ಹಸಿ ಗೆಣಸಿನಷ್ಟು ಗಟ್ಟಿ. ಗಾಡಿ ಬಂದ ಮೇಲೆ ಮೆತ್ತಗಿನ ದಿನಗಳೇ ಹೆಚ್ಚಾಗಿದ್ದವು.

ನಮ್ಮ ಮನೆಯ ಇನ್ನೊಂದು ರೀತಿಯನ್ನೂ ಇಲ್ಲಿಯೇ ಹೇಳಬೇಕು. ಅಪ್ಪನನ್ನು ಯಾರೂ ನೇರವಾಗಿ ಏನನ್ನೂ ಕೇಳುತ್ತಿರಲಿಲ್ಲ. ಅಪ್ಪ ಸಿಡುಕನಲ್ಲ, ಕೈ ಎತ್ತಿದವನೂ ಅಲ್ಲ. ಆದರೂ ಕೇಳಬೇಕಾದದ್ದನ್ನು ಅಜ್ಜಿಗೆ ಹೇಳಬೇಕು, ಅಜ್ಜಿ ಅಪ್ಪನಿಗೆ ಹೇಳಬೇಕು, ಅಪ್ಪನ ಉತ್ತರವೂ ಅದೇ ದಾರಿಯಲ್ಲಿ ವಾಪಸು ಬರಬೇಕು. ಅಜ್ಜಿ ಪಡಸಾಲೆಗೂ ನಡುಮನೆಗೂ ನಡುವಿನ ಹೊಸ್ತಿಲ ಬಳಿ ಎಲೆ ಅಡಿಕೆಯ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ನಮ್ಮ ಮಾತೆಲ್ಲ ಅವಳ ಬಾಯಲ್ಲಿ ಸ್ವಲ್ಪ ಹೊತ್ತು ಅಗಿಸಿಕೊಂಡು ಮೆತ್ತಗಾಗಿ ಮುಂದೆ ಹೋಗುತ್ತಿತ್ತು. ಒಮ್ಮೊಮ್ಮೆ ಬೇರೆಯದೇ ಆಗಿ ಹೋಗುತ್ತಿತ್ತು. ಶಾಲೆಯಿಂದ ಹಂಪಿಗೆ ಪ್ರವಾಸ ಇದೆ ಎಂದು ನಾನು ಹೇಳಿದ್ದು, ಅಪ್ಪನಿಗೆ ಮುಟ್ಟುವ ಹೊತ್ತಿಗೆ "ಗಾಬ್ರಿನ್ನ ಹಂಪಿ ಗುಡಿಗೆ ಕರಕಂಡ್ ಹೋಗ್ಬೇಕಂತ" ಎಂದಾಗಿತ್ತು. ಅಪ್ಪ ಭಾನುವಾರ ತಾನೇ ಕರೆದುಕೊಂಡು ಹೋಗಿ, ವಿರೂಪಾಕ್ಷನಿಗೆ ಕೈ ಮುಗಿಸಿ, ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಬಾಳೆಹಣ್ಣು ಕೊಡಿಸಿ ತಂದ. ಪ್ರವಾಸದ ದಿನ ಗೆಳತಿಯರೆಲ್ಲ ಬಸ್ಸಿನಲ್ಲಿ, ನಾನು ಮನೆಯಲ್ಲಿ. ಅಷ್ಟಾದರೂ ಯಾರಿಗೂ ಆ ರೀತಿ ಬಿಡಬೇಕು ಅನ್ನಿಸಲಿಲ್ಲ.

ಅಣ್ಣ ಪಂಪಾಪತಿ ನನಗಿಂತ ಬಹಳ ದೊಡ್ಡವನು. ಪಿಯುಸಿಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದ ಮೇಲೆ, ಬೈಪಾಸಿನ ಹತ್ತಿರ ಲಾರಿ ಆಟೋಗಳಿಗೆ ರೇಡಿಯಂ ಅಂಟಿಸುವ ಅಂಗಡಿ ಸೇರಿದ್ದ. ಹಂಪಿಗೆ ಫಾರಿನ್ನಿನವರನ್ನು ಕರೆದೊಯ್ಯುವ ಆಟೋಗಳ ಬೆನ್ನಿಗೆ ಕಲ್ಲಿನ ರಥ ಅಂಟಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅಪ್ಪ ಅವನ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೂ ಪಂಪಣ್ಣನಿಗೆ ಹಗುರಾಗುತ್ತಿತ್ತು. ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯುವುದನ್ನು ಅವನು ವಾರೆಗಣ್ಣಲ್ಲಿ ನೋಡುವುದು, ಅಪ್ಪ ತಲೆ ಎತ್ತಿದರೆ ತಾನು ತಲೆ ತಗ್ಗಿಸುವುದು, ಇದು ದಿನದ ಆಟ. ಆ ಅಣ್ಣನ ಕಣ್ಣು ಒಂದು ದಿನ ಗಾಡಿಯ ಮೇಲೆ ಬಿತ್ತು.

ಪ್ರತಿ ಭಾನುವಾರ ಗಾಡಿಗೆ ಒಂದೊಂದು ಸಿಂಗಾರ ಶುರುವಾಯಿತು, ಎಲ್ಲವೂ ಪುಕ್ಕಟೆ ಇಲ್ಲವೇ ಪುಕ್ಕಟೆಗೆ ಹತ್ತಿರ. ಮಬ್ಬಾಗಿದ್ದ ಹೆಡ್‌ಲೈಟಿಗೆ ಹಲ್ಲುಜ್ಜುವ ಪೇಸ್ಟು ಹಚ್ಚಿ ಉಜ್ಜಿದ. ಲೈಟು ಪಳಪಳ ಅಂದಿತು, ನಾವು ಆ ವಾರ ಉಪ್ಪಿನಲ್ಲಿ ಹಲ್ಲುಜ್ಜಿದೆವು. ಸೋಫಾ ಅಂಗಡಿಯಲ್ಲಿ ಉಳಿದ ಬಟ್ಟೆ ತುಂಡುಗಳನ್ನು ತಂದು ಸೀಟಿಗೆ ಕವರು ಹೊಲಿಸಿದ. ಎರಡೂ ಬದಿಗೆ ಅಂಗಡಿಯಲ್ಲಿ ಮಿಕ್ಕ ನೀಲಿ ರೇಡಿಯಂ ಪಟ್ಟಿ ಎಳೆದ. ಚಕ್ರದ ನಡುವಿನ ಮುಚ್ಚಳದಂಥ ಕಪ್ಪುಗಳನ್ನು ಮಾಳಿಗೆಗೆ ಒಯ್ದು ಬೆಳ್ಳಿ ಬಣ್ಣ ಹೊಡೆದ. ಗಾಳಿ ಬಂತು, ಪಕ್ಕದಲ್ಲಿ ಅವ್ವ ಒಣಹಾಕಿದ್ದ ಸಂಡಿಗೆಯೂ ಬೆಳ್ಳಿಯಾಯಿತು. ಅವ್ವ ಜರಡಿ ಹಿಡಿದು ಅವನನ್ನು ಮಾಳಿಗೆಯ ತುಂಬ ಅಟ್ಟಿಸಿಕೊಂಡು ಹೋದಳು. ಕೆಳಗೆ ಮಂಚದ ಮೇಲಿದ್ದ ಅಪ್ಪ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದುದನ್ನು ಕಂಡವಳು ನಾನೊಬ್ಬಳೇ. ಬಾಯಿ ಬಿಟ್ಟು ಹೇಳದಿದ್ದರೂ ಅಪ್ಪನಿಗೆ ಇದು ಹಿಡಿಸಿತ್ತು. ಬೆಳಿಗ್ಗೆ ಹತ್ತುವ ಮೊದಲು ಟವೆಲಿನ ತುದಿಯಿಂದ ಬಾನೆಟ್ಟು ಒರೆಸುತ್ತಿದ್ದ. ಕಾಂಟಾದಲ್ಲಿ ಲಾರಿ ಡ್ರೈವರೊಬ್ಬ "ಹೊಸಾದೇನ್ರಿ ಸರ?" ಎಂದು ಕೇಳಿದ್ದನ್ನು ಒಂದೇ ಸಂಜೆ ಅಜ್ಜಿಗೆ ಎರಡೆರಡು ಸಲ ಹೇಳಿದ. ಬಿದ್ದ ಮೇಲೆ ಮಂದಿಯೆಲ್ಲ ಅಪ್ಪನ ನಡುವನ್ನು ನೋಡುತ್ತಿದ್ದರು. ಈಗ ಗಾಡಿಯನ್ನು ನೋಡತೊಡಗಿದ್ದರು. ಅಜ್ಜಿ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತ, ಮಂದಿ ನೋಡುವುದು ಒಳ್ಳೆಯದಲ್ಲ ಎಂದು ಗೊಣಗುತ್ತಿದ್ದಳು.

ಇನ್ನು ಇಳಿಸುವುದು ಎಂಬ ಮಾತಿಗೆ ಬರಬೇಕು. ನಮ್ಮ ಮನೆಯಲ್ಲಿ ದೃಷ್ಟಿ ತೆಗೆಯುವುದಕ್ಕೆ ಇಳಿಸುವುದು ಎನ್ನುತ್ತಿದ್ದೆವು. ಮಗು ಊಟ ಬಿಟ್ಟರೆ ಇಳಿಸುವುದು, ಎಮ್ಮೆ ಹಾಲು ಕೊಡದಿದ್ದರೆ ಇಳಿಸುವುದು: ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ನೀವಾಳಿಸಿ ಒಲೆಗೆ ಹಾಕಿದರೆ ಆಯಿತು. ಪಂಪಣ್ಣನ ಅಂಗಡಿಯವರು ಇಳಿಸುವುದು ಎನ್ನುತ್ತಿದ್ದದ್ದು ಬೇರೆಯದಕ್ಕೆ. ಗಾಡಿಯ ಸ್ಪ್ರಿಂಗಿನ ಸುತ್ತುಗಳನ್ನು ಕೊಯ್ದು ಅದನ್ನು ನೆಲಕ್ಕೆ ಹತ್ತಿರ ಕೂರಿಸುವುದಕ್ಕೆ. ದುಡ್ಡಿದ್ದವರು ಗಿಡ್ಡ ಸ್ಪ್ರಿಂಗು ತರಿಸಿ ಹಾಕಿಸುತ್ತಿದ್ದರು, ನಮ್ಮಂಥವರು ಇದ್ದದ್ದನ್ನೇ ಕೊಯ್ಯಿಸುತ್ತಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಸಂಜೆ ನಾನು ಅಜ್ಜಿಯ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಪೂರ್ತಿ ಮಾತನ್ನು ಕೇಳಿಸಿಕೊಂಡೆ. ಎಲ್ಲದಕ್ಕೂ ಹೆದರುವ ನನಗೂ ಅದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ.

"ಅಜ್ಜೀ, ಗಾಡಿ ಇಳಸಬೇಕಂತ ಮಾಡೀನಿ. ಅಪ್ಪನ್ನ ಒಂದ್ ಮಾತ್ ಕೇಳು."

"ನಾನ ಹೇಳಬೇಕಂತಿದ್ದೆ ನೋಡಪಾ. ಇಳಸು, ಇಳಸು. ಮಂದಿ ಕಣ್ಣೆಲ್ಲಾ ಅದರ ಮ್ಯಾಲೆ ಬಿದ್ದಾವು."

"ಇಳಸಿದ್ರ ಇನ್ನೂ ಭಾಳ ಮಂದಿ ನೋಡ್ತಾರ."

"ನೋಡ್ಲಿ ತಗ. ಇಳಸಿದ ಮ್ಯಾಲೆ ಏನೂ ಆಗಂಗಿಲ್ಲ. ಎಷ್ಟ್ ಇಳಸ್ತಿ?"

"ಮೂರ್ ಬಳ್ಳು."

"ಮೂರ್ ಸಾಕು. ನಾಡಿದ್ದು ಅಮಾಸಿ, ಐತವಾರ ಬ್ಯಾರೆ. ಅವತ್ತ ಇಳಸು."

ಬಳ್ಳು, ಅಂದರೆ ಬೆರಳಿನಷ್ಟು ಎಂದದ್ದು ಅಜ್ಜಿಗೆ ಕೇಳಿಸಲಿಲ್ಲ, ಮೂರು ಎಂದದ್ದು ಕೇಳಿಸಿತು. ಅವಳು ಅಲ್ಲಿಂದಲೇ ಕತ್ತು ತಿರುಗಿಸಿ, ಮಂಚದ ಮೇಲಿದ್ದ ಅಪ್ಪನಿಗೆ ಮಾತು ಮುಟ್ಟಿಸಿದಳು.

"ಹುಡುಗ ಅಮಾಸಿ ದಿನ ಗಾಡಿ ಇಳಸ್ತಾನಂತಲೇ."

"ಇಳಸ್ಲಿ ಬಿಡಬೇ. ಅವನ ಕೈಲೇ ಆಗ್ಲಿ."

ಅವನ ಕೈಲೇ ಆಗಲಿ! ಅಪ್ಪ ತನ್ನ ಬಗ್ಗೆ ಹೀಗೆ ಹೇಳಿದ್ದನ್ನು ಪಂಪಣ್ಣ ಅದುವರೆಗೆ ಕೇಳಿರಲಿಲ್ಲ. ಹೊಸ್ತಿಲ ಈಚೆ ನಿಂತಿದ್ದವನ ಕಿವಿ ಕೆಂಪಾದವು. ಸ್ಪ್ರಿಂಗು ಕೊಯ್ದರೆ ಗಾಡಿ ಗಟ್ಟಿಯಾಗಿ ಕುಲುಕುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲವೇ ಎಂದು ನನ್ನ ಗಂಡ ಈಗಲೂ ಕೇಳುತ್ತಾನೆ. ತಿಳಿದಿತ್ತು. ಅಪ್ಪನಿಗೂ ತಿಳಿದಿದೆ, ತಿಳಿದೇ ಹ್ಞೂ ಅಂದಿದ್ದಾನೆ ಎಂದು ಅವನು ನಂಬಿದ್ದ. ಅಪ್ಪನಂಥ ಅಪ್ಪ ಹ್ಞೂ ಅಂದ ಮೇಲೆ ಮತ್ತೆ ಕೇಳುವ ಮಗ ನಮ್ಮ ಮನೆಯಲ್ಲಿ ಇರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅಜ್ಜಿ ನಿಂಬೆಹಣ್ಣು, ಉಪ್ಪು, ಮೆಣಸಿನಕಾಯಿಯನ್ನು ಗಂಟು ಕಟ್ಟಿ ಅವನ ಕೈಗೆ ಕೊಟ್ಟಳು. ಕೆಲಸ ಶುರು ಮಾಡುವ ಮುಂಚಿನ ಪೂಜೆಗೆಂದು ತಿಳಿದು ಅವನು ಅದನ್ನು ಕಣ್ಣಿಗೊತ್ತಿಕೊಂಡು, ಗಾಡಿ ತೆಗೆದುಕೊಂಡು ಗೆಳೆಯ ಖಾಜಾನ ಗ್ಯಾರೇಜಿಗೆ ಹೋದ.

ಸಂಜೆ ಮೊದಲು ಕೇಳಿಸಿದ್ದು ಇಂಜಿನ್ನಿನ ಸದ್ದಲ್ಲ. ಮನೆ ಮುಂದಿನ ಚರಂಡಿಗೆ ಹಾಸಿದ ಬಂಡೆಗೆ ಗಾಡಿಯ ಹೊಟ್ಟೆ ಕರ್ ಎಂದು ಉಜ್ಜಿದ ಸದ್ದು. ನಾನು ಹೊರಗೆ ಓಡಿದೆ. ಅಂಗಳದಲ್ಲಿ ಗಾಡಿ ಕಾಲು ಮಡಚಿದ ಎಮ್ಮೆಯ ಹಾಗೆ ಕೂತಿತ್ತು. ಬೆಳ್ಳಿ ಬಣ್ಣದ ಚಕ್ರಗಳು ಅರ್ಧ ಒಳಗೆ ಹೋಗಿದ್ದವು. ನಿಜ ಹೇಳಬೇಕೆಂದರೆ ಚಂದವೇ ಕಾಣುತ್ತಿತ್ತು. ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

"ಗಾಡಿ ಯಾಕಲೇ ಕುಂತೈತಿ? ಗಾಳಿ ಹೋಗೈತೇನು?"

"ಇಳಸೀನಜ್ಜಿ. ಮಸ್ತ್ ಆಗೈತಿಲ್ಲ?"

"ಉಪ್ಪು, ಮೆಣಸಿನಕಾಯಿ ಏನ್ ಮಾಡ್ದಿ?"

"ಗಾಡ್ಯಾಗ ಅದಾವು. ಪೂಜಿ ಮಾಡೇ ಕೊಯ್ದೀವಿ."

"ಏನ್ ಕೊಯ್ದಿ?"

ಇದನ್ನು ಕೇಳಿದವಳು ಅವ್ವ. ಹಿಟ್ಟಿನ ಕೈಯಲ್ಲೇ ಬಂದು ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ಬಲವಾಗಿ ಒತ್ತಿದಳು. ಮೇಷ್ಟ್ರ ಮನೆಯಲ್ಲಿ ತೂಗಿದ್ದ ಗಾಡಿ ಈಗ ಬಂಡೆಯಂತೆ ನಿಂತಿತ್ತು. ಅವಳು ಇನ್ನೊಮ್ಮೆ ಒತ್ತಿದಳು. ಆಮೇಲೆ ಅಲ್ಲಿಯೇ ಕಟ್ಟೆಯ ಮೇಲೆ ಕುಸಿದು ಕೂತಳು.

"ತಿರುಗಿ ಹಚ್ಚಪಾ. ಮೊದಲು ಹೆಂಗಿತ್ತು ಹಂಗ ಹಚ್ಚು."

"ಕೊಯ್ದಿದ್ದು ಕೂಡಂಗಿಲ್ಲಬೇ. ಅಪ್ಪನ ಹೇಳ್ಯಾನಲ್ಲ ಇಳಸು ಅಂತ!"

ಅಷ್ಟು ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಅಜ್ಜಿ ಅಂದದ್ದೇನು, ಅಣ್ಣ ತಿಳಿದದ್ದೇನು ಎಂದು ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು. ಪಂಪಣ್ಣನ ಮುಖ ಬಿಳಿಚಿತು. ಅಪ್ಪ ಒಂದು ಕೈ ನಡುವಿನ ಮೇಲಿಟ್ಟುಕೊಂಡು ನಿಧಾನವಾಗಿ ಗಾಡಿಯ ಸುತ್ತ ಒಂದು ಸುತ್ತು ಬಂದ. ಅಪ್ಪ ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಕಾದೆ. ಅಪ್ಪ ಗಾಡಿಯನ್ನು ನೋಡಿದ, ಮಗನ ಮುಖ ನೋಡಿದ.

"ಛಲೋ ಕಾಣ್ತೈತಿ," ಅಂದ.

ಅಷ್ಟು ಹೇಳಿ ಒಳಗೆ ಹೋದ. ಅವ್ವ ತನ್ನ ಸಿಟ್ಟನ್ನೆಲ್ಲ ಜೋಳದ ರೊಟ್ಟಿಯ ಮೇಲೆ ಬಡಿದಳು. ಬಸ್ಸಿಗೆ ಹೋಗು ಎಂದು ಅಜ್ಜಿಯ ಕೈಲಿ ಹೇಳಿಸಿದರೆ, ಬಸ್ಸಿನಲ್ಲಿ ನಿಂತು ಹೋಗುವುದಕ್ಕಿಂತ ಇದೇ ವಾಸಿ ಎಂದ ಅಪ್ಪ. ಅಜ್ಜಿ ತನ್ನ ಮಾತಿನಿಂದಾದ ಕೆಡುಕನ್ನು ತಾನೇ ಸರಿ ಮಾಡುತ್ತೇನೆಂದು ದಿನಾ ಸಂಜೆ ಗಾಡಿಗೆ ನಿಜವಾಗಿಯೂ ಇಳಿಸತೊಡಗಿದಳು. ಮೆಣಸಿನಕಾಯಿಯ ಘಾಟಿಗೆ ಅರ್ಧ ಓಣಿ ಕೆಮ್ಮುತ್ತಿತ್ತು. ಸೋಮವಾರ ಸಂಜೆ ನಾನು ಎಣ್ಣೆಯ ಬಟ್ಟಲು ಹಿಡಿದು ಕೂತು ನಡುವಿನ ಆ ಜಾಗಕ್ಕೆ ಹೆಬ್ಬೆರಳು ಇಟ್ಟೆ. ಅದು ಗೆಣಸಾಗಿರಲಿಲ್ಲ, ಕಲ್ಲಾಗಿತ್ತು. ಮನೆಯ ರೀತಿ ಮರೆತು ನೇರವಾಗಿಯೇ ಕೇಳಿಬಿಟ್ಟೆ.

"ಅಪ್ಪಾ, ನೋಯ್ತೈತೇನು?"

"ಏನಿಲ್ಲ. ತಿಕ್ಕು."

"ಭಾಳ ಗಟ್ಟಿ ಆಗೈತಿ."

"ಏನಿಲ್ಲ ಅಂದೆನಲ್ಲಾ. ಪಂಪನ ಮುಂದ ಅನ್ನಾಕ ಹೋಗಬ್ಯಾಡ ಮತ್ತ."

ಅವತ್ತಿನಿಂದ ಸಂಡೂರಿನ ರಸ್ತೆ ನನ್ನ ಹೊಟ್ಟೆಯೊಳಗೇ ಹಾದು ಹೋಗತೊಡಗಿತು. ಶಾಲೆಯಲ್ಲಿ ಗಣಿತದ ಪಾಠ ನಡೆದಿರುವಾಗ ಅಪ್ಪ ಈಗ ಯಾವ ಗುಂಡಿಯಲ್ಲಿದ್ದಾನೆ ಎಂದು ಲೆಕ್ಕ ಹಾಕುತ್ತಿದ್ದೆ. ಮಳೆ ಬಂದರೆ ಗುಂಡಿ ದೊಡ್ಡದಾಗುತ್ತದೆ, ಬರದಿದ್ದರೆ ಧೂಳಿನಲ್ಲಿ ಗುಂಡಿ ಕಾಣುವುದಿಲ್ಲ. ಎರಡೂ ನನಗೆ ಬೇಡವಾಗಿತ್ತು. ರಾತ್ರಿಯ ಊಟದಲ್ಲಿ ಪಂಪಣ್ಣ ಅಪ್ಪನ ಮುಖವನ್ನೇ ನೋಡುತ್ತಿದ್ದ. ಅಪ್ಪ ಅನ್ನ ಕಲಸುತ್ತ, ಯಾರೂ ಕೇಳದಿದ್ದರೂ "ಗಾಡಿ ಛಲೋ ಓಡ್ತೈತಿ" ಎನ್ನುತ್ತಿದ್ದ. ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಒಂದು ಶನಿವಾರ ಅರ್ಧ ದಿನದ ಶಾಲೆ ತಪ್ಪಿಸಿ ಕಾಂಟಾ ನೋಡುವ ನೆಪದಲ್ಲಿ ಗಾಡಿ ಹತ್ತಿದೆ. ಊರು ದಾಟಿ ಮೊದಲ ತಿರುವು ಬಂದದ್ದೇ ಅಪ್ಪ ಗಾಡಿ ನಿಲ್ಲಿಸಿದ. ಇಳಿದು ಡಿಕ್ಕಿ ತೆಗೆದು, ಹಳೆಯ ಕೌದಿಯನ್ನು ಸುತ್ತಿ ಮಾಡಿದ ದಿಂಬೊಂದನ್ನು ತಂದು ನಡುವಿನ ಹಿಂದೆ ಇಟ್ಟುಕೊಂಡ. ಅಲ್ಲಿಂದ ಮುಂದೆ ಗುಂಡಿ ಬಂದಾಗಲೆಲ್ಲ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಮೈಯನ್ನು ಸೀಟಿನಿಂದ ಮೇಲಕ್ಕೆತ್ತುತ್ತಿದ್ದ. ಗಾಡಿ ದಡಲ್ ಎನ್ನುತ್ತಿತ್ತು, ಅಪ್ಪನ ಹಲ್ಲು ಕಟಕ್ ಎನ್ನುತ್ತಿದ್ದವು. ಎದುರಿಗೆ ಸಾಲುಗಟ್ಟಿ ಅದಿರಿನ ಲಾರಿಗಳು. ಬದಿಗೆ ಸರಿದರೆ ಗುಂಡಿ, ಸರಿಯದಿದ್ದರೆ ಲಾರಿ. ನಾನು ಬಾಗಿಲಿನ ಹಿಡಿ ಹಿಡಿದು, ನನ್ನ ಕಾಲ ಕೆಳಗೂ ಒಂದು ಬ್ರೇಕು ಇದೆಯೇನೋ ಎಂಬಂತೆ ಒತ್ತುತ್ತಿದ್ದೆ. ಕಾಂಟಾ ತಲುಪಿದಾಗ ನಾನು ಬೆವರಿ ಒದ್ದೆಯಾಗಿದ್ದೆ. ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದ ಡ್ರೈವರೊಬ್ಬ ಬಗ್ಗಿ ಗಾಡಿಯ ಅಡಿ ನೋಡಿ, "ಯಾರ್ ಇಳಸ್ಯಾರ್ರಿ ಸರ, ಮಸ್ತ್ ಕುಂತೈತಿ" ಅಂದ. ಅಪ್ಪ ಅದುವರೆಗೆ ಗಾಡಿಯ ಬಾಗಿಲಿಗೆ ಒರಗಿಕೊಂಡಿದ್ದವನು ನೆಟ್ಟಗೆ ನಿಂತ.

"ನನ್ ಮಗ," ಅಂದ. "ಅವನ ಕೈ ಭಾಳ ಛಲೋ ಐತಿ."

ಈ ಮಾತನ್ನು ಮನೆಯಲ್ಲಿ ಒಂದು ಸಲ ಹೇಳಿದ್ದರೆ ಏನಾಗುತ್ತಿತ್ತು! ಸಂಜೆ ಊರು ಹತ್ತಿರವಾದಾಗ ಅದೇ ತಿರುವಿನಲ್ಲಿ ಗಾಡಿ ನಿಂತಿತು. ದಿಂಬು ಡಿಕ್ಕಿಗೆ ಹೋಯಿತು. ಇದನ್ನೂ ಯಾರ ಮುಂದೂ ಹೇಳಬಾರದು ಎಂದ ಅಪ್ಪ. ಹೇಳಿದರೆ ಅಣ್ಣನ ಮುಖ, ಹೇಳದಿದ್ದರೆ ಅಪ್ಪನ ಕಾಲು. ಆ ವಯಸ್ಸಿಗೆ ಎರಡರಲ್ಲಿ ಒಂದನ್ನು ಆರಿಸುವುದು ನನ್ನಿಂದಾಗಲಿಲ್ಲ. ಇವತ್ತಿಗೂ ಯಾರಾದರೂ ಏನಿಲ್ಲ ಎಂದರೆ ನಾನು ಮೊದಲು ಅವರು ನಡೆಯುವುದನ್ನು ನೋಡುತ್ತೇನೆ.

ನಡಿಗೆ ನೋಡುವುದನ್ನು ಕಲಿತದ್ದು ಅದಾಗಿ ಕೆಲವೇ ದಿನಕ್ಕೆ. ಮುಂದಿನ ಶನಿವಾರ ಸಂಜೆ ಗಾಡಿ ಬಂತು, ಬಂಡೆಗೆ ಉಜ್ಜಿತು, ನಿಂತಿತು. ಅಪ್ಪ ಇಳಿದು ನನ್ನ ತಲೆ ಸವರಿ ಒಳಗೆ ಹೊರಟ. ಹೊಸ್ತಿಲ ಮುಂದೆ ಅವ್ವ ಬೀಜ ಬಿಡಿಸಿದ ಹುಣಸೆಯ ಒಣ ಸಿಪ್ಪೆಯನ್ನು ಹರಡಿದ್ದಳು, ಚೂಪು ಚೂಪಾದ ಸಿಪ್ಪೆ. ಅಪ್ಪನ ಎಡಗಾಲು ಅದರ ಮೇಲೆ ಬರಿಗಾಲಲ್ಲಿ ಬಿತ್ತು. ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲಿನದು ಗಾಡಿಯೊಳಗೆ ಕ್ಲಚ್ಚಿನ ಹತ್ತಿರ ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡು ಹಿಂದೆ ಹೋದೆ.

"ಅಪ್ಪಾ, ಚಪ್ಪಲಿ."

ಅಪ್ಪ ತನ್ನ ಕಾಲನ್ನು ಬೇರೆ ಯಾರದ್ದೋ ಕಾಲಿನ ಹಾಗೆ ನೋಡಿದ. ಅಂಗಾಲಿಗೆ ಸಿಪ್ಪೆ ಚುಚ್ಚಿ ಒಂದಿಷ್ಟು ರಕ್ತವೂ ಬಂದಿತ್ತು. "ಹೌದಲ್ಲ" ಎಂದು ನಕ್ಕ. ಮುಟ್ಟಿದ್ದೂ ಗೊತ್ತಾಗಂಗಿಲ್ಲ ಎಂದು ಅವ್ವ ಒಪ್ಪಿಸಿದ ಪಾಠ ಅಕ್ಷರ ಬಿಡದೆ ಕಿವಿಯಲ್ಲಿ ಕೇಳಿಸಿತು. ಅಜ್ಜಿ ಹೊಸ್ತಿಲಲ್ಲೇ ಕೂತಿದ್ದಳು, ನಾನು ಅವಳ ಬಳಿ ನಿಲ್ಲಲಿಲ್ಲ. ಚಪ್ಪಲಿ ಹಿಡಿದುಕೊಂಡೇ ಕಾಲುವೆಯ ಮೆಟ್ಟಿಲಿಗೆ ಓಡಿದೆ. ಪಂಪಣ್ಣ ಅಲ್ಲಿ ಒಂದು ಆಟೋದ ಚಕ್ರದ ಕಪ್ಪು ತೊಳೆಯುತ್ತಿದ್ದ. ಒಂದೇ ಉಸಿರಿನಲ್ಲಿ ದಿಂಬಿನ ಮಾತು, ಕಲ್ಲಾದ ನಡುವಿನ ಮಾತು ಎಲ್ಲ ಹೇಳಿಬಿಟ್ಟೆ. ಅವನು ತಲೆ ಎತ್ತಲಿಲ್ಲ.

"ದಿಂಬಿಂದು ಗೊತ್ತೈತಿ. ನೋಡೀನಿ. ಖಾಜಾನ ಕಡಿಂದ ಹಳೇ ಗಾಡಿ ಸ್ಪ್ರಿಂಗು ತಂದ್ ಇಟ್ಟೀನಿ, ಅಂಗಡ್ಯಾಗ ಬಿದ್ದಾವು. ಅಪ್ಪ ಒಂದ್ ಸಲ ಬೈದ್ರ ಸಾಕು, ಬಿಚ್ಚಿ ಹಾಕ್ತೀನಿ. ದಿನಾ ಕಾಯಾಕ ಹತ್ತೀನಿ. ದಿನಾ ಛಲೋ ಐತಿ ಅಂತಾನ. ಅಂವ ಅಷ್ಟ್ ಇಷ್ಟಪಟ್ಟಿದ್ದನ್ನ ಹೆಂಗ್ ಬಿಚ್ಚಲಿ?"

"ಅಣ್ಣಾ, ಕಾಲಾಗಿಂದ ಚಪ್ಪಲಿ ಹೋಗಿದ್ದು ಅಪ್ಪಗ ಗೊತ್ತಾಗಿಲ್ಲ. ರಕ್ತ ಬಂದಿದ್ದೂ ಗೊತ್ತಾಗಿಲ್ಲ."

ಇದು ಅವನಿಗೆ ತಿಳಿದಿರಲಿಲ್ಲ. ಕೈಯಲ್ಲಿದ್ದ ಕಪ್ಪು ಕಾಲುವೆಗೆ ಬಿತ್ತು, ಅವನು ಅದರ ಕಡೆ ನೋಡಲೂ ಇಲ್ಲ. ಒದ್ದೆ ಕೈಯಲ್ಲೇ ಓಡಿ ಬಂದವನು ಅಜ್ಜಿಯ ತಟ್ಟೆಯನ್ನು ದಾಟಿ ನೇರ ಮಂಚದ ಹತ್ತಿರ ಹೋಗಿ ನಿಂತ. ಅಜ್ಜಿ "ಏನಲೇ ಅದು, ನನಗ ಹೇಳು" ಎಂದದ್ದು ಅವನ ಕಿವಿಗೆ ಬೀಳಲಿಲ್ಲ.

"ಅಪ್ಪಾ, ಖರೇ ಹೇಳು. ನೋಯ್ತೈತೋ ಇಲ್ಲೋ?"

ಅಪ್ಪ ಬಾಯಿ ತೆರೆದ. ಏನಿಲ್ಲ ಎನ್ನುವುದಕ್ಕೇ ತೆರೆದದ್ದು, ನನಗೆ ಕಂಡಿತು. ಆದರೆ ಮಗ ಹಾಗೆ ಎದುರಿಗೆ ಬಂದು ನಿಂತು ಕೇಳಿದ್ದು ಅದೇ ಮೊದಲು.

"ನೋಯ್ತಿತ್ತು ಪಂಪಾ. ಭಾಳ ನೋಯ್ತಿತ್ತು. ಈಗ ಕಾಲಾಗ ನೋವೂ ಗೊತ್ತಾಗವಲ್ದು."

ಡಾಕ್ಟರು ಸಿಗುವುದು ಸೋಮವಾರ, ಅಲ್ಲಿಯವರೆಗೆ ಕದಲದಂತೆ ಮಲಗಿಸಿ ಎಂದು ಬಳ್ಳಾರಿಯಿಂದ ಫೋನಿನಲ್ಲಿ ಹೇಳಿದರು. ಬಾಡಿಗೆಗೆ ದೊಡ್ಡ ಗಾಡಿ ತರೋಣ ಎಂದರೆ ಪಂಪಣ್ಣ ಒಪ್ಪಲಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಖಾಜಾನನ್ನು ಕರೆತಂದು ಅಂಗಳದಲ್ಲೇ ಗಾಡಿಯನ್ನು ಜಾಕಿಗೆ ಏರಿಸಿದ. ಅಪ್ಪ ಪಡಸಾಲೆಯಲ್ಲಿ ಸೂರು ನೋಡುತ್ತ ಮಲಗಿ ಸ್ಪಾನರಿನ ಸದ್ದು ಕೇಳಿಸಿಕೊಳ್ಳುತ್ತಿದ್ದ. ಮಧ್ಯಾಹ್ನ ಗಾಡಿ ಎದ್ದು ನಿಂತಿತು. ಅವ್ವ ಬಂದು ಬಾನೆಟ್ಟು ಒತ್ತಿದಳು, ತೂಗಿತು. ಇನ್ನೊಮ್ಮೆ ಒತ್ತಿದಳು, ಮತ್ತೆ ತೂಗಿತು. ಆಗ ಮಾತ್ರ ಖಾಜಾನಿಗೂ ಮಗನಿಗೂ ಊಟಕ್ಕೆ ಬಡಿಸಿದಳು. ಪಂಪಣ್ಣ ಅನ್ನ ಕಲಸಿಟ್ಟು ಕೈ ತೊಳೆದ.

ಸೋಮವಾರ ಹೊರಟೆವು. ಹಿಂದಿನ ಸೀಟಿನಲ್ಲಿ ಅಪ್ಪ ಮೊಣಕಾಲು ಮಡಚಿ ಮಲಗಿದ್ದ, ತಲೆ ಅವ್ವನ ತೊಡೆಯ ಮೇಲೆ. ನಾನು ಇನ್ನೊಂದು ಬಾಗಿಲಿಗೆ ಅಂಟಿಕೊಂಡು ಅಪ್ಪನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಬರುತ್ತೇನೆಂದು ಹಟ ಹಿಡಿದ ಅಜ್ಜಿ ಮುಂದೆ ಕೂತಿದ್ದಳು. ಪಂಪಣ್ಣ ಎಷ್ಟು ನಿಧಾನವಾಗಿ ಓಡಿಸುತ್ತಿದ್ದನೆಂದರೆ, ಕಂಪ್ಲಿಯ ಭತ್ತ ಹೇರಿದ ಟ್ರ್ಯಾಕ್ಟರು ಸಹ ಹಾರ್ನು ಹೊಡೆದು ನಮ್ಮನ್ನು ದಾಟಿ ಹೋಯಿತು. ಸಣ್ಣ ಕಲ್ಲು ಕಂಡರೂ ಬ್ರೇಕು ಹಾಕುತ್ತಿದ್ದ. ಕನ್ನಡಿಯಲ್ಲಿ ಕಾಣುತ್ತಿದ್ದ ಅವನ ಕಣ್ಣು ರಸ್ತೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ನಾನು ಅಪ್ಪನ ಎಡಗಾಲಿನ ಹೆಬ್ಬೆಟ್ಟನ್ನು ಒತ್ತಿ ಒತ್ತಿ ಕೇಳುತ್ತಿದ್ದೆ.

"ಅಪ್ಪಾ, ಗೊತ್ತಾಗ್ತೈತೇನು?"

"ಹ್ಞೂ. ಗೊತ್ತಾಗ್ತೈತಿ."

ಸ್ವಲ್ಪ ಹೊತ್ತು ಬಿಟ್ಟು, ಈಗ ಒತ್ತುತ್ತೇನೆ ಎಂದು ಹೇಳಿ, ಒತ್ತದೆಯೇ ಕೇಳಿದೆ.

"ಈಗ?"

"ಹ್ಞೂ, ಗೊತ್ತಾಗ್ತೈತಿ."

ಅವ್ವ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದಳು. ಮುಂದೆ ಅಜ್ಜಿ ಹಿಂತಿರುಗಿ ನೋಡಲಿಲ್ಲ, ಆದರೆ ಎಲೆ ಅಗಿಯುತ್ತಿದ್ದ ಅವಳ ಬಾಯಿ ನಿಂತಿತು. ಗಾದಿಗನೂರು ದಾಟಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿ ಕೇಳಿದಾಗಲೂ ಅಪ್ಪ ಪಂಪಣ್ಣನ ಮುಖ ನೋಡಿ ಹ್ಞೂ ಅನ್ನುತ್ತಾನೆ, ಅವರು ಅದನ್ನೇ ನಂಬಿ ಮನೆಗೆ ಕಳಿಸುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು. ನಾನು ಕಾದೆ. ಒಂದು ಲಾರಿ ನಮ್ಮನ್ನು ದಾಟಿ ಧೂಳೆಬ್ಬಿಸಿಕೊಂಡು ಹೋಯಿತು. ಅಪ್ಪ ತಲೆ ಎತ್ತಿ ಅಣ್ಣನಿಗೆ ಹೇಳತೊಡಗಿದ.

"ಜಲ್ದಿ ಹೊಡೀಲೇ ಪಂಪಾ. ಹಿಂಗ್ ಹೋದ್ರ ಡಾಕ್ಟರು ಮನಿಗೆ ಹೋಗಿ..."

ಅಪ್ಪನ ಗಮನ ಅತ್ತ ಇರುವಾಗ, ಏನೂ ಹೇಳದೆ, ಅದೇ ಎಡಗಾಲಿನ ಹೆಬ್ಬೆಟ್ಟಿನ ಪಕ್ಕಕ್ಕೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಉಗುರು ನಾಟಿಸಿದೆ. ಅಪ್ಪ ಕಾಲನ್ನು ಸರ್ರನೆ ಎಳೆದುಕೊಂಡ.

"ಅಯ್ ಗಾಬ್ರೀ! ಉಗುರು ತಗದಿಲ್ಲೇನ್ ನೀನು?"

ಪಂಪಣ್ಣ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಅವನ ಹೆಗಲು ಕುಲುಕುತ್ತಿತ್ತು. ಅವ್ವ ಅಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ, ಏನಾಯಿತು, ಯಾಕೆ ನಿಲ್ಲಿಸಿದ್ದು ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ. ನಾನು ಕಣ್ಣೊರೆಸಿಕೊಂಡು ಆ ಪಾದವನ್ನು ಮತ್ತೆ ಮಡಿಲಿಗೆ ಎಳೆದುಕೊಂಡೆ, ಖಾತ್ರಿಗಿರಲಿ ಎಂದು ಇನ್ನೊಂದು ಸಲ ಚಿವುಟಿದೆ.